ರಸ್ತೆಯ ಮೇಲಿನ ಸೊಪ್ಪು

ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ. ಗುಂಡ್ಯ ದಾಟಿ ಮಾರನಹಳ್ಳಿಯತ್ತ ಏರುತ್ತಿರುವ ಕಾರಿನವನಿಗೆ ಮಂಜಿನಲ್ಲಿ ಬಾನೆಟ್ಟಿನಾಚೆ ಏನೂ ಕಾಣದು. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಆಗ ದಾರಿ ತೋರುವುದು ಮುಂದೆ ತೆವಳುತ್ತಿರುವ ಟ್ಯಾಂಕರಿನ ಎರಡು ಕೆಂಪು ದೀಪ. ಅದು ಎಡಕ್ಕೆ ಸರಿದರೆ ಇವನೂ ಎಡಕ್ಕೆ, ಅದರ ಬ್ರೇಕ್ ಲೈಟ್ ಹೊತ್ತಿದರೆ ಇವನ ಕಾಲೂ ಬ್ರೇಕಿಗೆ. ನಂಬರ್ ಪ್ಲೇಟಿನಲ್ಲಿ ಟಿಎನ್ 28, ಅಂದರೆ ನಾಮಕ್ಕಲ್. ಮಂಗಳೂರಿನಲ್ಲಿ ಗ್ಯಾಸ್ ತುಂಬಿಕೊಂಡು ಘಟ್ಟ ಹತ್ತುವ ಬುಲೆಟ್ ಟ್ಯಾಂಕರ್‌ಗಳಲ್ಲಿ ಒಂದು. ಸಕಲೇಶಪುರದ ಹತ್ತಿರ ಮಂಜು ಹರಿದಾಗ ಟ್ಯಾಂಕರ್ ಎಡಕ್ಕೆ ಒತ್ತಿ ಜಾಗ ಬಿಡುತ್ತದೆ. ದಾಟುವಾಗ ಇವನದೊಂದು ಸಣ್ಣ ಹಾರ್ನ್, ಅತ್ತಲಿಂದ ಒಮ್ಮೆ ಮಿನುಗುವ ಹೆಡ್‌ಲೈಟ್. ಅಷ್ಟೇ ಪರಿಚಯ. ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ.

ಈ ಭಾಷೆಯನ್ನು ಯಾವ ಡ್ರೈವಿಂಗ್ ಶಾಲೆಯೂ ಕಲಿಸುವುದಿಲ್ಲ.

ಎದುರಿನಿಂದ ಬರುವ ಲಾರಿ ಹಾಡಹಗಲಲ್ಲಿ ಎರಡು ಮೂರು ಸಲ ಡಿಪ್ಪರ್ ಹೊಡೆದರೆ ಮುಂದೇನೋ ಇದೆ ಎಂದು ಅರ್ಥ. ಮರ ಬಿದ್ದಿರಬಹುದು, ಗಾಡಿ ಮಗುಚಿರಬಹುದು, ಸಕಲೇಶಪುರದ ಕಡೆಯಾದರೆ ಕಾಡಾನೆ ರಸ್ತೆಗೆ ಇಳಿದಿರಬಹುದು. ಹೀಗೆ ಎಚ್ಚರಿಸುವ ಚಾಲಕನಿಗೆ ಅದರಿಂದ ಬರುವ ಲಾಭ ಏನೂ ಇಲ್ಲ. ಅವನು ಅಪಾಯ ದಾಟಿ ಬಂದಾಗಿದೆ, ಆದರೂ ಎದುರು ಬರುವವರಿಗೆಲ್ಲ ಕೈ ಸೋಲುವವರೆಗೆ ಲೈಟ್ ಮಿನುಗಿಸುತ್ತಲೇ ಹೋಗುತ್ತಾನೆ.

ಇಕ್ಕಟ್ಟಿನ ಏರಿನಲ್ಲಿ ಇಳಿಯುವ ವಾಹನ ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಕಾನೂನಿನಲ್ಲೇ ಇದೆ. ಆದರೆ ಲಾರಿಯವರು ಅದನ್ನು ಪಾಲಿಸುವುದು ಪುಸ್ತಕ ಓದಿ ಅಲ್ಲ. ಲೋಡ್ ಹೊತ್ತ ಗಾಡಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎತ್ತುವುದು ಎಷ್ಟು ಕಷ್ಟ, ಕ್ಲಚ್ ಸುಟ್ಟ ವಾಸನೆ ಹೇಗಿರುತ್ತದೆ ಎಂಬುದು ಇಳಿಯುವವನಿಗೂ ಗೊತ್ತು. ನಿನ್ನೆ ಅವನೂ ಹತ್ತಿದವನೇ.

ಇಂಡಿಕೇಟರ್ ಮಾತ್ರ ಮೋಸದ ಸಂಕೇತ. ಮುಂದಿನ ಲಾರಿ ಬಲಗಡೆಯದನ್ನು ಹಾಕಿದರೆ ಕೆಲವರಿಗೆ ‘ಬಾ, ದಾಟು’, ಇನ್ನು ಕೆಲವರಿಗೆ ‘ತಡಿ, ಎದುರಿಗೆ ಗಾಡಿ ಇದೆ’. ಈ ಗೊಂದಲಕ್ಕೆ ಜೀವ ಒತ್ತೆಯಿಡಬಾರದು. ಕ್ಲೀನರ್ ಕಿಟಕಿಯಿಂದ ಕೈ ಹೊರಚಾಚಿ ‘ಬಾ ಬಾ’ ಎಂದು ಬೀಸಿದರೂ ಎದುರಿನ ರಸ್ತೆ ತನ್ನ ಕಣ್ಣಿಗೆ ಬೀಳುವವರೆಗೆ ಓವರ್‌ಟೇಕ್ ಮಾಡದಿರುವುದೇ ಸರಿ.

ಚಾಲಕರ ನಡುವಿನ ಈ ಸ್ನೇಹ ಪೂರ್ತಿಯಾಗಿ ಕಾಣುವುದು ಗಾಡಿ ಕೆಟ್ಟಾಗ. ಆಕ್ಸಲ್ ತುಂಡಾದ ಲಾರಿ ತಿರುವಿನಲ್ಲಿ ನಿಂತಿದೆ. ಕ್ಲೀನರ್ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಹೊಸ ವಾಹನದ ಜತೆ ಬಂದ ಕೆಂಪು ತ್ರಿಕೋನ ಎಂದೋ ಕಳೆದಿರುತ್ತದೆ. ಹಾಗಾಗಿ ಪಕ್ಕದ ಪೊದೆಯಿಂದ ಹಸಿ ಕೊಂಬೆ ಮುರಿದು, ಮೂವತ್ತು ಹೆಜ್ಜೆ ಹಿಂದೆ ಒಂದು, ಇನ್ನೂ ಹಿಂದೆ ಒಂದು ಎಂದು ಇಟ್ಟು, ಗಾಳಿಗೆ ಹಾರದಂತೆ ಮೇಲೆ ಕಲ್ಲು ಹೇರುತ್ತಾನೆ. ರಸ್ತೆಯ ಮೇಲೆ ಸೊಪ್ಪು ಕಂಡರೆ ಯಾವ ರಾಜ್ಯದ ಚಾಲಕನಾದರೂ ಕಾಲು ಸಡಿಲಿಸುತ್ತಾನೆ. ಪಕ್ಕದಲ್ಲಿ ಹಾದುಹೋಗುವ ಲಾರಿ ಅರೆಕ್ಷಣ ನಿಧಾನವಾಗುತ್ತದೆ.

“ಏನಾಯ್ತಣ್ಣಾ?”

“ಆಕ್ಸಲ್ ಹೋಯ್ತು.”

“ನೀರಿದೆಯಾ?”

ಬಾಟಲಿಯೊಂದು ಕೈ ಬದಲಿಸುತ್ತದೆ. ‘ಅಣ್ಣಾ’ ಕನ್ನಡಕ್ಕೂ ತಮಿಳಿಗೂ ತೆಲುಗಿಗೂ ಸಲ್ಲುವ ಮಾತು, ಅನುವಾದ ಬೇಕಾಗುವುದಿಲ್ಲ. ಮೊಬೈಲ್ ಇಲ್ಲದ ಕಾಲದಲ್ಲಿ ಹೀಗೆ ಕೇಳಿಕೊಂಡು ಹೋದವನೇ ಮುಂದಿನ ಊರಿನ ಮೆಕ್ಯಾನಿಕ್‌ಗೆ ಸುದ್ದಿ ಮುಟ್ಟಿಸುತ್ತಿದ್ದ.

ಅಪಘಾತವಾದಾಗ ಮಾತ್ರ ಇದೇ ಜನ ಹಿಂಜರಿಯುತ್ತಿದ್ದರು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನೇ ಠಾಣೆ, ಕೋರ್ಟು ಅಲೆಯಬೇಕಾದೀತೆಂಬ ಭಯ. ಆ ಭಯ ಈಗ ಬೇಕಿಲ್ಲ. ನೆರವಿಗೆ ಬಂದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಯ 134ಎ ಕಲಮಾಗಿ ಸೇರಿತು. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033 ಕೂಡ ಇದೆ.

ಇನ್ನೊಂದು ಮಾತು ಉಳಿದಿದೆ. ರಿಪೇರಿ ಮುಗಿದ ಗಡಿಬಿಡಿಯಲ್ಲಿ ಲಾರಿ ಹೊರಟುಬಿಡುತ್ತದೆ, ಚಕ್ರಕ್ಕೆ ಕೊಟ್ಟ ಕಲ್ಲು ಡಾಂಬರಿನ ಮೇಲೇ ಉಳಿಯುತ್ತದೆ. ಕತ್ತಲಲ್ಲಿ ಬೈಕಿನವನಿಗೆ ಅದು ಕಾಣುವಾಗ ತಡವಾಗಿರುತ್ತದೆ. ಗಾಡಿ ಎತ್ತುವ ಮುನ್ನ ಆ ಕಲ್ಲನ್ನು ದಯವಿಟ್ಟು ರಸ್ತೆಯ ಅಂಚಿಗೆ ಉರುಳಿಸಿ ಹೋಗಿ.