ನಾಲ್ವರು, ಏಳು ಮಂದಿ ಮತ್ತು ನಾವು ಮೂವರು

ಮೂವತ್ತನಾಲ್ಕು ವರ್ಷ ಕನ್ನಡ ವ್ಯಾಕರಣವನ್ನೂ ಹಳಗನ್ನಡ ಪದ್ಯಗಳನ್ನೂ ಬೋಧಿಸಿದ ಮೇಷ್ಟರಿಗೂ ರಾಕ್ ಸಂಗೀತಕ್ಕೂ ಎಲ್ಲಿಯ ಸಂಬಂಧ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಸಂಬಂಧ ಹಳೆಯದು, ನಿಮಗೆ ಸಂಧಿ ಸಮಾಸಗಳನ್ನು ಕಲಿಸುವುದಕ್ಕೂ ಮೊದಲಿನದು. ಅದನ್ನು ಮತ್ತೆ ನೆನಪಿಗೆ ತಂದವಳು ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳು.

ಆಕೆ ದಕ್ಷಿಣ ಕೊರಿಯಾದ ಬಿ.ಟಿ.ಎಸ್. ಎಂಬ ತಂಡದ ಅಭಿಮಾನಿ. ಏಳು ಮಂದಿ ತರುಣರ ಈ ತಂಡ ಮೊದಲು ಬೆಳಕಿಗೆ ಬಂದದ್ದು 2013ರಲ್ಲಿ. ಇದರ ಅಭಿಮಾನಿಗಳಿಗೆ ‘ಆರ್ಮಿ’ ಎಂಬ ಹೆಸರೇ ಇದೆ. ಕಾಗುಣಿತ ಬರೆಯಲು ಸೋಮಾರಿತನ ಮಾಡುತ್ತಿದ್ದ ಹುಡುಗಿ, ಹಾಡುಗಳ ಮಾತುಗಳನ್ನು ಮೂಲದಲ್ಲೇ ಓದಬೇಕೆಂಬ ಹಟದಿಂದ ಕೊರಿಯಾದ ಲಿಪಿಯನ್ನು ತಾನೇ ಕಲಿತುಬಿಟ್ಟಳು. ಸೆಜೊಂಗ್ ಎಂಬ ದೊರೆ ಆ ಲಿಪಿಯನ್ನು 1446ರಲ್ಲಿ ಪ್ರಜೆಗಳಿಗೆ ಒಪ್ಪಿಸಿದನಂತೆ. ಇಂದು ಬಳಕೆಯಲ್ಲಿರುವ ಮೂಲಾಕ್ಷರಗಳು 24. ಮೂಲ ವ್ಯಂಜನಗಳ ಆಕಾರವನ್ನು ಉಚ್ಚಾರದ ವೇಳೆ ನಾಲಗೆ, ತುಟಿ, ಗಂಟಲುಗಳು ತಾಳುವ ರೂಪದಿಂದ ತೆಗೆದುಕೊಂಡಿದ್ದಾರೆಂದು ಆಕೆ ಬರೆದು ತೋರಿಸಿದಾಗ, ನಮ್ಮ ವರ್ಗೀಯ ವ್ಯಂಜನಗಳ ಕಂಠ್ಯ, ತಾಲವ್ಯ, ಓಷ್ಠ್ಯಗಳನ್ನು ನಾನು ವಿವರಿಸಿದೆ. ಅಂದು ಅಜ್ಜ ಮೊಮ್ಮಗಳಿಬ್ಬರೂ ಪರಸ್ಪರ ಗುರುಗಳಾದೆವು.

2022ರ ಜೂನ್ ತಿಂಗಳಿನಲ್ಲಿ ಆ ಏಳು ಮಂದಿ ಒಂದು ಊಟದ ಮೇಜಿನ ಸುತ್ತ ಕುಳಿತು, ತಂಡದ ಕೆಲಸಕ್ಕೆ ಬಿಡುವು ಕೊಟ್ಟು ಒಬ್ಬೊಬ್ಬರೂ ತಂತಮ್ಮ ಹಾಡುಗಳತ್ತ ಗಮನ ಹರಿಸುವುದಾಗಿ ತಿಳಿಸಿದರು. ಹೇಳುವಾಗ ಅವರಲ್ಲಿ ಕೆಲವರು ಅತ್ತರು. ಇಲ್ಲಿ ನನ್ನ ಮೊಮ್ಮಗಳೂ ಅತ್ತಳು. ಆಗ ಆಕೆಗೆ ಹದಿನಾಲ್ಕು ವರ್ಷ. “ನೀನು ಯಾರು ಅಂತಲೇ ಅವರಿಗೆ ಗೊತ್ತಿಲ್ಲ, ಊಟ ಬಿಟ್ಟು ಕೂತಿದ್ದೀಯಲ್ಲ” ಎಂದು ನನ್ನ ಮಗಳು ಗದರಿದಳಂತೆ. ರಾತ್ರಿ ದೂರವಾಣಿಯಲ್ಲಿ ಮೊಮ್ಮಗಳು ನನ್ನನ್ನು ಕೇಳಿದಳು: “ತಾತ, ಬ್ಯಾಂಡಿನವರು ಒಂದ್ಸಲ ಬೇರೆ ಬೇರೆ ಆದ್ರೆ ಮತ್ತೆ ಒಟ್ಟಿಗೆ ಸೇರ್ತಾರಾ?”

ಈ ಪ್ರಶ್ನೆ ನನಗೆ ಪರಿಚಿತವಾದದ್ದು. 1970ರ ಏಪ್ರಿಲ್ ತಿಂಗಳಿನಲ್ಲಿ ನಾನೂ ಇದನ್ನೇ ಕೇಳಿದ್ದೆ.

ಆಗ ಮೈಸೂರಿನ ಒಂದು ವಿದ್ಯಾರ್ಥಿನಿಲಯದ ಕೋಣೆಯಲ್ಲಿ ನಾವು ಮೂವರಿದ್ದೆವು. ಒಬ್ಬನ ತಂದೆ ರೈಲ್ವೆ ನೌಕರರು. ಅವನ ಬಳಿ ಟ್ರಾನ್ಸಿಸ್ಟರ್ ಇತ್ತು. ಇನ್ನೊಬ್ಬ ಚಾಮರಾಜನಗರದ ಕಡೆಯ ಹಳ್ಳಿಯವನು, ಅವನಿಗೆ ಕಂಠವಿತ್ತು. ನನ್ನಲ್ಲಿ ಎರಡೂ ಇರಲಿಲ್ಲ, ಕೇಳಲು ಕಿವಿ ಮಾತ್ರ ಇತ್ತು. ನಾವೆಲ್ಲ ರೇಡಿಯೋ ಸಿಲೋನ್ ಎಂದೇ ಕರೆಯುತ್ತಿದ್ದ ನಿಲಯದ ಇಂಗ್ಲಿಷ್ ಹಾಡುಗಳಿಗಾಗಿ ಆ ಟ್ರಾನ್ಸಿಸ್ಟರನ್ನು ಕಿಟಕಿಯ ಸರಳಿಗೆ ಆನಿಸಿ ಮೂವರೂ ತಲೆಗೆ ತಲೆ ಕೊಟ್ಟು ಕೂರುತ್ತಿದ್ದೆವು. ಬೀಟಲ್ಸ್ ಎಂಬ ಹೆಸರು ನಮ್ಮ ಕೋಣೆಯನ್ನು ಹೊಕ್ಕಿದ್ದು ಹಾಗೆ.

ಲಿವರ್‌ಪೂಲಿನ ಆ ನಾಲ್ವರು, ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್, 1968ರ ಫೆಬ್ರವರಿಯಲ್ಲಿ ಧ್ಯಾನ ಕಲಿಯಲು ಮಹರ್ಷಿ ಮಹೇಶ ಯೋಗಿಯವರ ಋಷಿಕೇಶದ ಆಶ್ರಮಕ್ಕೆ ಬಂದಾಗ ನಮಗೆ ನಮ್ಮ ನೆಂಟರೇ ಬಂದಷ್ಟು ಸಡಗರ. ಹ್ಯಾರಿಸನ್ ಆ ವೇಳೆಗಾಗಲೇ ರವಿಶಂಕರರ ಬಳಿ ಸಿತಾರ್ ಕಲಿತಿದ್ದ. ಮಸಾಲೆಯ ಊಟ ಹೊಟ್ಟೆಗೆ ಒಗ್ಗದ ರಿಂಗೋ, ಡಬ್ಬಿಯಲ್ಲಿ ಬರುವ ಬೇಯಿಸಿದ ಕಾಳುಗಳನ್ನು ಪೆಟ್ಟಿಗೆಯ ತುಂಬ ತಂದಿದ್ದು, ಹತ್ತು ಹನ್ನೆರಡು ದಿನಗಳಲ್ಲೇ ಹಿಂದಿರುಗಿದ. ಉಳಿದವರು ಅಲ್ಲಿ ಕಟ್ಟಿದ ಹಾಡುಗಳು ಅದೇ ವರ್ಷದ ನವೆಂಬರಿನಲ್ಲಿ ಹೊರಬಂದ ಬಿಳಿಯ ಹೊದಿಕೆಯ ಜೋಡಿ ಧ್ವನಿಮುದ್ರಿಕೆಯಲ್ಲಿ ಸೇರಿದವು. ರೇಡಿಯೋದ ಗೊರಗೊರ ಸದ್ದಿನಲ್ಲಿ ಅರ್ಧ ಮಾತುಗಳು ನಮಗೆ ಕೇಳಿಸುತ್ತಲೇ ಇರಲಿಲ್ಲ. ಹಳ್ಳಿಯ ಗೆಳೆಯ ಅಂಥಲ್ಲಿ ತನ್ನದೇ ಇಂಗ್ಲಿಷನ್ನು ಹೊಸೆದು ಹಾಡುತ್ತಿದ್ದ. ಆ ಮಾತುಗಳಿಗೆ ಯಾವ ನಿಘಂಟಿನಲ್ಲೂ ಅರ್ಥವಿರಲಿಲ್ಲ. ಸ್ವರ ಮಾತ್ರ ಒಮ್ಮೆಯೂ ತಪ್ಪುತ್ತಿರಲಿಲ್ಲ.

ಎಳೆಯರು ಇಂಥ ತಂಡಗಳನ್ನು ಇಷ್ಟೊಂದು ಹಚ್ಚಿಕೊಳ್ಳುವುದೇಕೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಕಚೇರಿಯಲ್ಲೂ ಪಿಟೀಲು, ಮೃದಂಗ, ಘಟ ಎಲ್ಲವೂ ಇರುತ್ತವೆ. ಆದರೆ ಕಚೇರಿ ವಿದ್ವಾಂಸರ ಹೆಸರಿನದು. ಇಂದು ಪಕ್ಕವಾದ್ಯಕ್ಕೆ ಒಬ್ಬರು ಕುಳಿತರೆ ನಾಳೆ ಇನ್ನೊಬ್ಬರು. ರಸಿಕರು ಅದಕ್ಕಾಗಿ ಕಣ್ಣೀರಿಡುವುದಿಲ್ಲ. ಬ್ಯಾಂಡಿನ ರೀತಿ ಬೇರೆ. 1957ರ ಜುಲೈನಲ್ಲಿ ಚರ್ಚಿನ ಒಂದು ಜಾತ್ರೆಯಲ್ಲಿ ಹದಿನಾರರ ಲೆನನ್‌ನಿಗೆ ಹದಿನೈದರ ಮೆಕಾರ್ಟ್ನಿ ಎದುರಾದ. ಬೀಟಲ್ಸ್ ಹುಟ್ಟಿದ್ದು ಆ ಗೆಳೆತನದಿಂದ. ಹಾಡಿನ ಜೊತೆಗೆ ಆ ಗೆಳೆತನವೂ ಕೇಳುವವನ ಕಿವಿಗೆ ಬೀಳುತ್ತದೆ. ಮನೆಯ ಹೊರಗೆ ತನ್ನವರು ಯಾರೆಂದು ಹುಡುಕುವ ವಯಸ್ಸಿನಲ್ಲಿ, ‘ನಾವು ಹೀಗೆ ಒಟ್ಟಿಗಿದ್ದೇವೆ’ ಎನ್ನುವವರು ಬಹಳ ದೊಡ್ಡವರಾಗಿ ಕಾಣುತ್ತಾರೆ. ಆದ್ದರಿಂದಲೇ ತಂಡ ಒಡೆದರೆ ಎಳೆಯರು ಹೆದರುತ್ತಾರೆ. ಅವರೇ ಅಗಲಿದರೆ ನಮ್ಮ ಪಾಡೇನು ಎಂಬ ಹೆದರಿಕೆ ಅದು.

ಬೀಟಲ್ಸ್ ಅಗಲಿದರು. ಅವರ ವ್ಯವಹಾರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಬ್ರಯನ್ ಎಪ್‌ಸ್ಟೈನ್ 1967ರಲ್ಲಿ ತೀರಿಕೊಂಡ ಮೇಲೆ ಹಣಕಾಸನ್ನು ಯಾರಿಗೆ ಒಪ್ಪಿಸಬೇಕೆಂಬುದರಲ್ಲಿ ಒಮ್ಮತ ಮೂಡಲಿಲ್ಲ. ಒಬ್ಬೊಬ್ಬರ ಹಾಡೂ ಒಂದೊಂದು ದಾರಿ ಹಿಡಿದಿತ್ತು. 1970ರ ಏಪ್ರಿಲ್ 10ರಂದು ಮೆಕಾರ್ಟ್ನಿ ಹೊರನಡೆದ ಸುದ್ದಿ ಜಗತ್ತಿಗೆ ತಿಳಿಯಿತು. ವರ್ಷದ ಕೊನೆಯ ದಿನ ವ್ಯಾಜ್ಯ ನ್ಯಾಯಾಲಯವನ್ನು ಮುಟ್ಟಿತು. ನಾವು ಮೂವರಿಗೆ ನ್ಯಾಯಾಲಯದ ಅಗತ್ಯ ಬೀಳಲಿಲ್ಲ. 1971ರಲ್ಲಿ ಪದವಿ ಮುಗಿಯಿತು. ಟ್ರಾನ್ಸಿಸ್ಟರಿನ ಒಡೆಯ ಭದ್ರಾವತಿಯ ಕಾರ್ಖಾನೆಗೆ ಸೇರಿದ, ಹಾಡುಗಾರ ಜಮೀನು ನೋಡಿಕೊಳ್ಳಲು ಊರಿಗೆ ಮರಳಿದ, ನಾನು ಶಾಲೆಯ ಕಡೆಗೆ ನಡೆದೆ. ಮೊದಲು ವಾರಕ್ಕೊಂದು ಕಾಗದ, ಆಮೇಲೆ ಯುಗಾದಿಗೊಂದು, ಆಮೇಲೆ ಮದುವೆಯ ಕರೆಯೋಲೆಗಳು.

ಮೊಮ್ಮಗಳಿಗೆ ಸಮಾಧಾನಕ್ಕೆಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಆ ನಾಲ್ವರು ಮತ್ತೆ ಒಂದೇ ವೇದಿಕೆಯನ್ನು ಹತ್ತಲಿಲ್ಲವೆಂದೂ, 1980ರ ಡಿಸೆಂಬರ್ 8ರಂದು ಲೆನನ್ ನ್ಯೂಯಾರ್ಕಿನ ತನ್ನ ಮನೆಯೆದುರು ಗುಂಡಿಗೆ ಬಲಿಯಾದ ಮೇಲೆ ಆ ಆಸೆಯೂ ಮುಗಿಯಿತೆಂದೂ, 2001ರಲ್ಲಿ ಹ್ಯಾರಿಸನ್ ತೀರಿಕೊಂಡನೆಂದೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇವರು ಜಗಳ ಆಡಿಲ್ಲ ತಾತ, ಮಿಲಿಟರಿಗೆ ಹೋಗ್ಬೇಕಲ್ಲ, ಅದೂ ಇದೆ” ಎಂದಳು. ಅವರ ದೇಶದಲ್ಲಿ ಆರೋಗ್ಯವಂತ ತರುಣರಿಗೆಲ್ಲ ಒಂದೂವರೆ ವರ್ಷ ಅಥವಾ ಅದಕ್ಕಿಂತ ತುಸು ಹೆಚ್ಚಿನ ಸೇವೆ ಕಡ್ಡಾಯ. ಆ ಡಿಸೆಂಬರಿನಲ್ಲಿ ಏಳು ಮಂದಿಯ ಪೈಕಿ ಹಿರಿಯನು ಸೈನ್ಯಕ್ಕೆ ಸೇರಿದಾಗ ಆಕೆ ನೋಟ್ ಪುಸ್ತಕದಲ್ಲಿ ಏಳು ಸಾಲು ಎಳೆದು, ಹೋದ ದಿನ, ಬರುವ ದಿನ ಎಂದು ಬರೆಯತೊಡಗಿದಳು. 2025ರ ಜೂನ್ ವೇಳೆಗೆ ಏಳೂ ಸಾಲುಗಳು ತುಂಬಿದವು. ಒಟ್ಟಾಗಿ ಹೊಸ ಹಾಡುಗಳನ್ನು ಹೊರತರುವುದಾಗಿ ಅವರು ಮರುತಿಂಗಳೇ ಪ್ರಕಟಿಸಿದರು. ಮೂರು ವರ್ಷ ಕಾಯುವುದನ್ನು ಆ ಹುಡುಗಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

ಈ ನಡುವೆ 2023ರ ನವೆಂಬರ್ 2ರಂದು ನನ್ನ ನಾಲ್ವರೂ ಮತ್ತೊಮ್ಮೆ ಹಾಡಿದರು. ಲೆನನ್ 1970ರ ದಶಕದ ಕೊನೆಯಲ್ಲಿ ಮನೆಯಲ್ಲಿ ಪಿಯಾನೋ ನುಡಿಸುತ್ತ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ ಹಾಡೊಂದಿತ್ತು. 1995ರಲ್ಲಿ ಉಳಿದ ಮೂವರು ಅದನ್ನು ಪೂರ್ಣಗೊಳಿಸಲು ಹೊರಟು, ಧ್ವನಿ ಸ್ಪಷ್ಟವಿಲ್ಲದ ಕಾರಣ ಕೈಬಿಟ್ಟಿದ್ದರು. ಈಗಿನ ಗಣಕಯಂತ್ರದ ತಂತ್ರಜ್ಞಾನ ಪಿಯಾನೋದಿಂದ ಲೆನನ್‌ನ ಕಂಠವನ್ನು ಬಿಡಿಸಿ ಕೊಟ್ಟಿತು. ಹ್ಯಾರಿಸನ್ 1995ರಲ್ಲಿ ನುಡಿಸಿಟ್ಟಿದ್ದ ಗಿಟಾರ್ ಇತ್ತು. ಎಂಬತ್ತರ ಗಡಿ ದಾಟಿದ ಮೆಕಾರ್ಟ್ನಿ ಮತ್ತು ರಿಂಗೋ ಮಿಕ್ಕದ್ದನ್ನು ಸೇರಿಸಿದರು.

ಮೊಮ್ಮಗಳು ಅದನ್ನು ನನ್ನ ಮೊಬೈಲಿಗೆ ಕಳುಹಿಸಿದಳು. ನಾನು ಭದ್ರಾವತಿಗೆ ಕಳುಹಿಸಿದೆ. ಹತ್ತು ನಿಮಿಷದಲ್ಲಿ ಗೆಳೆಯ ಕರೆ ಮಾಡಿ, “ನಮ್ಮ ಜಾನ್ ಇನ್ನೂ ಹುಡುಗನ ಹಾಗೇ ಹಾಡ್ತಾನಲ್ಲೋ” ಎಂದ. ಬಳಿಕ ಇಬ್ಬರೂ ಮಾತಾಡಲಿಲ್ಲ. ನಮ್ಮ ಹಾಡುಗಾರ ಹೃದಯಾಘಾತದಿಂದ ತೀರಿಕೊಂಡು ಆಗಲೇ ಇಪ್ಪತ್ತೈದು ವರ್ಷಗಳಾಗಿದ್ದವು. ಅವನ ಕಂಠ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಯಾವ ಯಂತ್ರವೂ ಅದನ್ನು ಬಿಡಿಸಿ ಕೊಡಲಾರದು. ಅವನು ಹೊಸೆದ ಆ ಇಂಗ್ಲಿಷ್ ಮಾತುಗಳು ಈಗ ಇಬ್ಬರು ಮುದುಕರ ತಲೆಯಲ್ಲಿ ಮಾತ್ರ ಇವೆ. ಕೊನೆಗೆ ಗೆಳೆಯನೇ ಅದರಲ್ಲೊಂದು ಸಾಲನ್ನು ಗುನುಗಿದ. ಅವನಿಗೆ ಸ್ವರ ನಿಲ್ಲುವುದಿಲ್ಲ. ಮುಂದಿನ ಸಾಲು ನಾನು ಹೇಳಿದೆ.

ಒಂದೇ ಬೆಂಚಿನಲ್ಲಿ ಕುಳಿತು, ಈಗ ಮೂರು ಖಂಡಗಳಲ್ಲಿ ಹಂಚಿಹೋಗಿರುವ ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಾಡುವವನೊಬ್ಬ ಇದ್ದೇ ಇರುತ್ತಾನೆ. ಮುಂದಿನ ಸಲ ಸೇರಿದಾಗ ಅವನಿಂದ ಒಂದು ಹಾಡು ಹೇಳಿಸಿ, ಮೊಬೈಲಿನಲ್ಲಿ ಹಿಡಿದಿಡಿ. ಮಾತು ತಪ್ಪಿದರೂ ಚಿಂತೆಯಿಲ್ಲ.