15 ಬೈಟಿನ ಕನ್ನಡ

ವಡೋದರಾದ ಗೋರ್ವಾದಲ್ಲಿ ಕಾರ್ಖಾನೆಯ ಶೆಡ್ಡುಗಳು ಬಾಗಿಲೆಳೆಯುವ ಹೊತ್ತಿಗೆ ಧಾರವಾಡ ಕಡೆಯ ನೌಕರರೊಬ್ಬರು ಮನೆಯಲ್ಲಿ ತಮ್ಮ ಅಂಗಡಿ ತೆರೆಯುತ್ತಾರೆ. ಸರಕು ಇಷ್ಟೇ: ಹಳೆಯ ಲ್ಯಾಪ್‌ಟಾಪು, ಪೈಥಾನಿನಲ್ಲಿ ಬರೆದ ಮೂವತ್ತು ಸಾಲು. ಅಪಾಚೆ, ಎಂಜಿನ್‌ಎಕ್ಸ್ ಪುಕ್ಕಟೆ ಸಿಗುವಾಗ ಸ್ವಂತ ವೆಬ್ ಸರ್ವರ್ ಯಾಕೆಂದು ಕೇಳಿದರೆ, ಖಾನಾವಳಿ ಇದೆಯೆಂದು ಮನೆಯಲ್ಲಿ ರೊಟ್ಟಿ ಬಡಿಯುವುದು ಬಿಟ್ಟೇವೆಯೇ ಎನ್ನುತ್ತಾರೆ.

ಕೆಲಸವೂ ಖಾನಾವಳಿಯದೇ. ಸಾಕೆಟ್ ಎಂದರೆ ಮಳಿಗೆ ಹಿಡಿಯುವುದು; ಬೈಂಡ್, ಬಾಗಿಲಿಗೆ ನಂಬರು ಹಾಕುವುದು; ಲಿಸನ್, ಬಾಗಿಲು ತೆರೆಯುವುದು; ಅಕ್ಸೆಪ್ಟ್, ಬಂದ ಗಿರಾಕಿಯನ್ನು ಕೂರಿಸುವುದು. 1983ರ ಬರ್ಕ್ಲಿ ಯುನಿಕ್ಸ್‌ನೊಂದಿಗೆ ಬಂದ ಈ ನಾಲ್ಕು ಹೆಜ್ಜೆ ಇಂದಿಗೂ ಹಾಗೇ ಇವೆ. ವೆಬ್ಬಿನ ರೂಢಿಯ ನಂಬರು 80. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನವು ಸಾಮಾನ್ಯವಾಗಿ ಯಜಮಾನನಿಗೆ, ಅಂದರೆ ರೂಟ್ ಖಾತೆಗೆ ಮೀಸಲು, ಹಾಗಾಗಿ ಹವ್ಯಾಸಿಗಳು 8080 ಹಿಡಿಯುತ್ತಾರೆ.

ಗಿರಾಕಿ ಮಾತು ಮುಗಿಸಿದ್ದು ಗೊತ್ತಾಗುವುದು ಒಂದು ಖಾಲಿ ಸಾಲಿನಿಂದ. ಟೆಲ್ನೆಟ್‌ನಲ್ಲಿ 'ಗೆಟ್' ಎಂದು ಕೈಯಾರೆ ಟೈಪಿಸಿ ಆ ಖಾಲಿ ಸಾಲು ಮರೆತರೆ ಸರ್ವರ್ ಮಿಸುಕುವುದಿಲ್ಲ. ಸುಮ್ಮನೆ ಕಾಯುತ್ತದೆ.

1990ರಲ್ಲಿ ಜಿನೀವಾದ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ವೆಬ್ ಸರ್ವರ್ ನಡೆಸಿದ್ದು ನೆಕ್ಸ್ಟ್ ಯಂತ್ರದಲ್ಲಿ. ಇದು ಸರ್ವರ್, ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅದಕ್ಕೆ ಅಂಟಿತ್ತು. ಗೋರ್ವಾದ ಲ್ಯಾಪ್‌ಟಾಪಿಗೆ ಅಂಥ ಚೀಟಿ ಅಂಟಿಸುವ ಧೈರ್ಯ ಯಾರಿಗಿದೆ? "ಇನ್ನೂ ಎಷ್ಟೊತ್ತರೀ? ಊಟ ಆರಾಕತ್ತೈತಿ" ಎಂಬ ದನಿ ಅಡುಗೆಮನೆಯಿಂದ ಆಗಲೇ ಬಂದಿದೆ.

ತಡವಾಗಿದ್ದು 'ಕನ್ನಡ' ಎಂಬ ಒಂದೇ ಪದದಿಂದ. ಉತ್ತರ ಕಳಿಸುವಾಗ ಅದರ ಉದ್ದವನ್ನೂ ಹೇಳಬೇಕು. ಕಣ್ಣಿಗೆ ಮೂರಕ್ಷರ. ಪೈಥಾನ್ ಎಣಿಸಿದರೆ ಐದು: ಕ, ನ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಇನ್ನೊಂದು ನ, ಡ. ಅವರು ಐದೆಂದೇ ಬರೆದರು. ಬ್ರೌಸರಿನಲ್ಲಿ ಮೂಡಿದ್ದು ಒಂಟಿ 'ಕ', ಪಕ್ಕದಲ್ಲಿ ವಜ್ರಾಕಾರದ ಪ್ರಶ್ನೆ ಚಿಹ್ನೆ. ಉದ್ದ ಹೇಳಬೇಕಾದದ್ದು ಬೈಟುಗಳಲ್ಲಿ. ಯುಟಿಎಫ್-8ರಲ್ಲಿ ಈ ಒಂದೊಂದು ಚಿಹ್ನೆಗೂ ಮೂರು ಬೈಟು; ಒಟ್ಟು 15. ಐದೇ ಎಂದಾಗ 'ಕ' ಪೂರ್ತಿ ದಾಟಿ, 'ನ' ಹೊಸ್ತಿಲಲ್ಲೇ ತುಂಡಾಗಿತ್ತು. ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ಮಾಡುವವರಿಗೆ ಈ ತಪ್ಪು ಸಿಗುವುದೇ ಇಲ್ಲ, ಪಾಪ.

ಎಣಿಕೆ ತಿದ್ದಿ, ಅದೇ ವೈಫೈಯಲ್ಲಿದ್ದ ಹೆಂಡತಿಯ ಫೋನಿನಲ್ಲಿ ವಿಳಾಸ ಹೊಡೆದರು. 'ಕನ್ನಡ' ಇಡಿಯಾಗಿ ಬಂತು.

"ಇಷ್ಟ ಏನ್ರೀ?"

ಅವರ ಕಣ್ಣು ಕಪ್ಪು ಪರದೆಯ ಮೇಲಿತ್ತು. ಒಂದು ಸಲ ಕರೆದದ್ದಕ್ಕೆ ಎರಡು ಕೋರಿಕೆ ಬಂದಿದ್ದವು. ಎರಡನೆಯದು ಫೆವಿಕಾನ್, ಅಂದರೆ ತಾಣದ ಪುಟ್ಟ ಲಾಂಛನ; ಯಾರೂ ಹೇಳದೆಯೇ ಬ್ರೌಸರ್ ಕೇಳಿತ್ತು. 404, ಅಂದರೆ ಅದು ಇಲ್ಲ ಎಂದು ಉತ್ತರಿಸಿ ಊಟಕ್ಕೆ ಎದ್ದರು.