ಸಾಕ್ಷಿ ಅಡಗಿರುವ ಪದ

ಕಳೆದ ಭಾನುವಾರ ಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿ ಅಡಿಕೆ ಆರಿಸುತ್ತಾ ಕೂತಿದ್ದೆ. ಏಳನೆಯ ತರಗತಿಯ ಮೊಮ್ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಬಂದಳು.

“ಅಜ್ಜ, ‘ಪ್ರೊಟೆಸ್ಟ್’ ಅಂದ್ರೆ ಏನು?”

“ಪ್ರತಿಭಟಿಸು. ಸರಿಯಲ್ಲದ್ದನ್ನು ಕಂಡಾಗ ‘ಇದು ಕೂಡದು’ ಅಂತ ಎದ್ದು ಹೇಳೋದು.”

“ಇಲ್ಲಿ ‘ಹಿ ಪ್ರೊಟೆಸ್ಟೆಡ್ ಹಿಸ್ ಇನೊಸೆನ್ಸ್’ ಅಂತಿದೆ. ತಾನು ನಿರಪರಾಧಿ ಅನ್ನೋದನ್ನೇ ಅವನು ಯಾಕೆ ವಿರೋಧಿಸ್ತಾನೆ?”

ನಾನು ತಬ್ಬಿಬ್ಬಾದೆ. ಅಟ್ಟದಿಂದ ನಿಘಂಟು ಇಳಿಸಿ ನೋಡಿದೆವು. ಈ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ‘ಪ್ರೊ’ ಎಂದರೆ ಮುಂದೆ, ‘ಟೆಸ್ಟಾರಿ’ ಎಂದರೆ ಸಾಕ್ಷಿ ನುಡಿಯುವುದು. ನಾಲ್ಕು ಜನರ ಮುಂದೆ ನಿಂತು ಗಟ್ಟಿಯಾಗಿ ಹೇಳುವುದೇ ಮೂಲ ಅರ್ಥ. ಹಾಗಾಗಿ ಆ ವಾಕ್ಯಕ್ಕೆ ‘ತಾನು ನಿರಪರಾಧಿ ಎಂದು ಒತ್ತಿ ಹೇಳಿದ’ ಎಂದರ್ಥ. ವಿರೋಧಿಸುವ ಅರ್ಥ ಬೇಕಾದಾಗ ಸಾಮಾನ್ಯವಾಗಿ ಮುಂದೆ ‘ಅಗೇನ್‌ಸ್ಟ್’ ಸೇರಿಸುತ್ತಾರೆ. ನಮ್ಮ ‘ಪ್ರತಿಭಟನೆ’ಯೊಳಗೆ ಎದುರು ನಿಂತ ಭಟನಿದ್ದಾನೆ, ಇಂಗ್ಲಿಷ್ ಪದದೊಳಗೆ ಸಾಕ್ಷಿಯಿದ್ದಾನೆ!

“ಸಾಕ್ಷಿ ಹೇಳಿದ್ರೆ ಏನಾಗುತ್ತೆ?” ಎಂದಳು.

ನಮ್ಮ ಹೊಳೆಗಳ ಕಥೆ ಹೇಳಿದೆ. ಶೃಂಗೇರಿಯ ತುಂಗೆ, ನರಸಿಂಹರಾಜಪುರದ ಕಡೆಯ ಭದ್ರೆ, ಇಬ್ಬರೂ ಹುಟ್ಟುವುದು ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ಅಲ್ಲಿನ ಕಬ್ಬಿಣದ ಅದಿರಿನ ಗಣಿಯಿಂದ ಮಳೆಗಾಲದಲ್ಲಿ ಹೂಳು ಭದ್ರೆಗೆ ಇಳಿಯುತ್ತಿತ್ತು. ಕಂಡವರು ಸುಮ್ಮನಿರಲಿಲ್ಲ. ಮಲೆನಾಡಿನಲ್ಲಿ ಹೋರಾಟ ನಡೆಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು 2002ರ ಅಕ್ಟೋಬರ್ 30ರಂದು ತೀರ್ಪು ಬಂತು, ಗಣಿ ನಿಂತಿತು.

“ನೀನು ಯಾವತ್ತಾದ್ರೂ ಸಾಕ್ಷಿ ಹೇಳಿದ್ದೀಯಾ ಅಜ್ಜ?”

ಕೈಯಲ್ಲಿದ್ದ ಅಡಿಕೆ ಕೈಯಲ್ಲೇ ಉಳಿಯಿತು. ನಾನೂ ಅವಳಷ್ಟಿದ್ದಾಗ ನಡೆದದ್ದು. ಕಿಟಕಿಯಿಂದ ನುಗ್ಗಿದ ಗಾಳಿಗೆ ತರಗತಿಯ ಭೂಪಟ ಮೊಳೆಗೆ ಸಿಕ್ಕಿ ಹರಿಯಿತು. ಏಟು ಬಿದ್ದದ್ದು ನನ್ನ ಗೆಳೆಯನಿಗೆ. “ನಾನಲ್ಲ ಸಾರ್, ನಾನಲ್ಲ” ಎನ್ನುತ್ತಾ ಅವನು ನನ್ನ ಕಡೆ ನೋಡಿದ. ನಾನೊಬ್ಬನೇ ಕಂಡಿದ್ದೆ. ಬೆತ್ತಕ್ಕೆ ಹೆದರಿ ತಲೆ ತಗ್ಗಿಸಿದೆ.

“ಅವರು ಈಗೆಲ್ಲಿದ್ದಾರೆ?”

“ಶೃಂಗೇರಿಯಲ್ಲಿ.”

ಅವಳು ಮಾತಾಡಲಿಲ್ಲ. ಒಳಗೆ ಹೋಗಿ ಫೋನು ತಂದು ಕೈಗಿಟ್ಟಳು.

ನಾನು ತಡವರಿಸುತ್ತಾ ಹೇಳಿ ಮುಗಿಸಿದಾಗ ಗೆಳೆಯ ಜೋರಾಗಿ ನಕ್ಕ. “ಅರವತ್ತು ವರ್ಷ ಆದ್ಮೇಲೆ ಸಾಕ್ಷಿ ಹೇಳ್ತೀಯೇನೋ ಮಾರಾಯ?” ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಹೇಳಿದ್ದು ಒಳ್ಳೇದಾಯ್ತು ಕಣೋ. ನಮ್ಮಮ್ಮ ಮಾತ್ರ ಕೊನೇವರೆಗೂ ನಾನೇ ಹರಿದೆ ಅಂತಲೇ ತಿಳ್ಕೊಂಡಿದ್ಲು.”